ಚಾಸಿಸ್ ತೂತುಗಳಿಗೆ ರಬ್ಬರ್ ಪ್ಲಗ್: ನಾಲ್ಕು ವರ್ಷ ಬಳಸಿದ ಮೇಲೆ

ನನ್ನ ಪಿಕಪ್‌ನ ಚಾಸಿಸ್‌ಗೆ, ಅಂದರೆ ಬಾಡಿ ಹೊರುವ ಉಕ್ಕಿನ ಚೌಕಟ್ಟಿಗೆ, ತೂತು ಮುಚ್ಚುವ ರಬ್ಬರ್ ಪ್ಲಗ್ ಕಿಟ್ ಹಾಕಿ ನಾಲ್ಕು ವರ್ಷ ಆಯಿತು. ಮೊದಲ ತಿಂಗಳಲ್ಲೇ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಎರಡನೇ ವರ್ಷದಲ್ಲಿ ಬರೆದಿದ್ದರೆ ಒಂದು. ಈಗ ಮೂರೂವರೆ ಕೊಡುತ್ತೇನೆ, ಅದರಲ್ಲಿ ಅರ್ಧ ನನ್ನ ತಾಳ್ಮೆಗೆ.

ಇದೆಲ್ಲ ಯಾಕೆ ಬೇಕಿತ್ತು ಅಂದರೆ, ನನ್ನ ಹಿಂದಿನ ಪಿಕಪ್ ಹೋಗಿದ್ದೇ ಚಾಸಿಸ್ ತುಕ್ಕಿನಿಂದ. ಎಂಜಿನ್ ಗಟ್ಟಿಮುಟ್ಟಾಗಿತ್ತು, ಬಾಡಿ ಹೊಳೆಯುತ್ತಿತ್ತು. ಒಂದು ದಿನ ಹಿಂದಿನ ಚಕ್ರದ ಹತ್ತಿರ ಚಾಸಿಸ್ ಮೇಲೆ ಸ್ವಲ್ಪ ಬಣ್ಣ ಉಬ್ಬಿದ್ದು ಕಂಡು ಸುಮ್ನೆ ಸ್ಕ್ರೂಡ್ರೈವರ್‌ನಿಂದ ಒತ್ತಿದೆ. ಒದ್ದೆ ರಟ್ಟಿನೊಳಗೆ ಹೋದ ಹಾಗೆ ಹಿಡಿಯವರೆಗೂ ಹೋಯಿತು. ತುಕ್ಕು ಹೊರಗಿನಿಂದ ಬಂದಿರಲಿಲ್ಲ, ಒಳಗಿನಿಂದ ತಿಂದುಕೊಂಡು ಬಂದಿತ್ತು.

ಗಾಡಿ ಅಡಿಗೆ ಮಲಗಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಚಾಸಿಸ್‌ನ ಉದ್ದದ ಎರಡು ತೊಲೆಗಳೂ (ಇವನ್ನೇ ಹಳಿ ಅನ್ನುವುದು) ಹಲವು ಕಡೆ ಪೆಟ್ಟಿಗೆಯ ಹಾಗೆ ನಾಲ್ಕೂ ಕಡೆ ಮುಚ್ಚಿರುತ್ತವೆ, ಮೈಯೆಲ್ಲ ತೂತು. ಅದು ಕಂಪನಿಯವರ ಅಜಾಗರೂಕತೆ ಅಲ್ಲ. ಚಾಸಿಸ್ಸನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿದಾಗ ಬಣ್ಣ ಒಳಗೆ ಹೋಗಿ ಹೊರಗೆ ಬರಬೇಕು. ಜೋಡಿಸುವಾಗ ಹಿಡಿದುಕೊಳ್ಳಲು ಪಿನ್ ತೂರಿಸಬೇಕು. ವೈರು, ಪೈಪು ಸಿಕ್ಕಿಸಬೇಕು. ಆದರೆ ಆಮೇಲೆ ಅದೇ ತೂತುಗಳಿಗೆ ಚಕ್ರಗಳು ಕೆಸರು ಎರಚುತ್ತವೆ. ಒಳಗೆ ಹೋದ ಕೆಸರು ಒಣಗಲು ವಾರಗಟ್ಟಲೆ ಬೇಕು. ಅದರಲ್ಲಿ ಉಪ್ಪು ಸೇರಿದ್ದರಂತೂ ಮುಗಿಯಿತು, ಅದು ಗಾಳಿಯಲ್ಲಿನ ತೇವವನ್ನೂ ಎಳೆದುಕೊಂಡು ಕೂರುತ್ತದೆ. ತಮಾಷೆ ಏನೆಂದರೆ, ಎಂಜಿನ್ ಆಯಿಲ್ ಸೋರುವ ಹಳೇ ಗಾಡಿಗಳಲ್ಲಿ ಆ ಎಣ್ಣೆ ಮೆತ್ತಿಕೊಂಡು ಮುಂಭಾಗದ ಚಾಸಿಸ್ ಬಹಳ ಸಲ ಚೆನ್ನಾಗಿಯೇ ಉಳಿದಿರುತ್ತದೆ!

ಹಾಗಾಗಿ ಹೊಸ ಗಾಡಿ ಬಂದ ಕೂಡಲೇ ಕಿಟ್ ತರಿಸಿದೆ. 12 ಮಿ.ಮೀ.ನಿಂದ 40 ಮಿ.ಮೀ.ವರೆಗೆ ಬೇರೆ ಬೇರೆ ಅಳತೆಯ, ಒತ್ತಿ ಕೂರಿಸುವ ಪ್ಲಗ್‌ಗಳು. ಹಾಕುವುದು ಸುಲಭ, ಬೆರಳು ನೋಯುತ್ತದೆ ಅಷ್ಟೆ. ಕಣ್ಣಂದಾಜಿನಲ್ಲಿ ಹಾಕಬೇಡಿ, ವರ್ನಿಯರ್ ಕ್ಯಾಲಿಪರ್ (ಸೂಕ್ಷ್ಮ ಅಳತೆಯ ಸಾಧನ) ಇಟ್ಟು ಅಳೆಯಿರಿ. 19 ಮತ್ತು 20 ಮಿ.ಮೀ. ನೋಡಲು ಒಂದೇ, ಆದರೆ ಸಡಿಲ ಇದ್ದದ್ದು ಮೊದಲ ಹಳ್ಳಕ್ಕೇ ಉದುರುತ್ತದೆ. ಮೊಟ್ಟೆ ಆಕಾರದ ತೂತುಗಳಿಗೆ ಈ ಕಿಟ್‌ನಲ್ಲಿ ಏನೂ ಇರಲಿಲ್ಲ. ಪ್ಯಾಕೆಟ್ ಮೇಲೆ 'ಸಂಪೂರ್ಣ ರಕ್ಷಣೆ' ಅಂತ ಮಾತ್ರ ದಪ್ಪಗೆ ಇತ್ತು.

ನಾನು ಮಾಡಿದ ಮೊದಲ ತಪ್ಪು, ಕಂಡ ತೂತನ್ನೆಲ್ಲ ಮುಚ್ಚಿದ್ದು. ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಸೀಟಿನ ಕೆಳಗಿನಿಂದ 'ಗುಳುಗುಳು' ಅಂತ ಸದ್ದು. ಬಾಗಿಲಲ್ಲಿ ನೀರಿನ ಬಾಟಲಿ ಉರುಳುತ್ತಿದೆ ಅಂದುಕೊಂಡು ಒಂದು ವಾರ ಹುಡುಕಿದೆ. ಕೊನೆಗೆ ಗಾಡಿ ಅಡಿಗೆ ಹೋಗಿ, ಹಳಿ ಬಗ್ಗುವ ಅತಿ ತಗ್ಗಿನ ಜಾಗದ ಪ್ಲಗ್ ಕಿತ್ತೆ. ಕೆಂಪು ನೀರು ತೋಳಿನೊಳಗೆ ಇಳಿದು ಕಂಕುಳದವರೆಗೂ ಬಂತು. ಬೋಲ್ಟ್ ಸಂದಿಯಿಂದ, ನಾನು ಮುಚ್ಚಲಾಗದ ಮೊಟ್ಟೆ ತೂತಿನಿಂದ ನೀರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ದಾರಿ ಇರಲಿಲ್ಲ. ಎಲ್ಲವನ್ನೂ ಬಿಗಿಯಾಗಿ ಮುಚ್ಚಿದರೂ ಬಿಸಿಲು-ಚಳಿಗೆ ಒಳಗಿನ ಗಾಳಿಯ ತೇವ ಹನಿಗಟ್ಟುತ್ತದೆ. ಪಕ್ಕದ ಮತ್ತು ಮೇಲಿನ ತೂತುಗಳನ್ನು ಮುಚ್ಚಿ, ತಳದವನ್ನು ಮುಟ್ಟಬೇಡಿ. ಈ ಒಂದು ಮಾತು ಆ ಪ್ಯಾಕೆಟ್ ಮೇಲೆ ಇದ್ದಿದ್ದರೆ ನನ್ನ ಒಂದು ಅಂಗಿ ಉಳಿಯುತ್ತಿತ್ತು.

ಎರಡನೇ ತಪ್ಪಿಗೆ ಹೊಣೆ ಅರ್ಧ ನನ್ನದು, ಅರ್ಧ ಮಾರಿದವರದು. ಒಳಗೆ ತುಕ್ಕು ತಡೆಯಲು ಪೆಟ್ರೋಲಿಯಂ ಎಣ್ಣೆ ಆಧಾರದ ಸ್ಪ್ರೇ ಹೊಡೆದು ಪ್ಲಗ್ ಹಾಕಿದೆ. ಕಿಟ್‌ನ ಪ್ಲಗ್‌ಗಳು ಇಪಿಡಿಎಂ ಅನ್ನುವ ಕೃತಕ ರಬ್ಬರ್. ಬಿಸಿಲು, ಮಳೆ, ಓಝೋನ್ ಯಾವುದಕ್ಕೂ ಅದು ಜಗ್ಗುವುದಿಲ್ಲ, ಆದರೆ ಖನಿಜ ಎಣ್ಣೆ ತಾಗಿದರೆ ಉಬ್ಬುತ್ತದೆ. ಎರಡನೇ ವರ್ಷ ನೋಡಿದಾಗ ಅಂಚುಗಳು ಮೆತ್ತಗಾಗಿ ಅಣಬೆಯ ಹಾಗೆ ಊದಿಕೊಂಡಿದ್ದವು. ಕೆಲವು ಬೆರಳು ತಾಗಿಸಿದರೆ ಕೈಗೇ ಬಂದವು. ಒಂಬತ್ತು ಎಲ್ಲೋ ದಾರಿಯಲ್ಲಿ ಉದುರಿ ಹೋಗಿದ್ದವು. ಎಣ್ಣೆ ಹೊಡೆಯುವವರು ನೈಟ್ರೈಲ್ ರಬ್ಬರ್ ಅಥವಾ ನೈಲಾನ್ ಪ್ಲಗ್ ತೆಗೆದುಕೊಳ್ಳಿ. ಇಪಿಡಿಎಂ ಬಳಸುವುದಾದರೆ ಎಣ್ಣೆಯ ಗೊಡವೆಗೆ ಹೋಗಬೇಡಿ.

ಎರಡನೇ ಸುತ್ತಿನಲ್ಲಿ ನಿಧಾನವಾಗಿ ಮಾಡಿದೆ. ತೂತಿನ ಅಂಚುಗಳನ್ನು ಉಜ್ಜಿ ಝಿಂಕ್ ಪ್ರೈಮರ್ ಬಳಿದೆ. ಚೂಪಾದ ಅಂಚಿನಲ್ಲಿ ಬಣ್ಣ ತೆಳುವಾಗಿರುತ್ತದೆ, ಸಾಮಾನ್ಯವಾಗಿ ತುಕ್ಕು ಶುರುವಾಗುವುದೂ ಅಲ್ಲೇ. ಪ್ಲಗ್ ತುರುಕುವಾಗ ಇದ್ದಷ್ಟು ಬಣ್ಣವೂ ಕೆರೆದು ಹೋಗುತ್ತದೆ. ಆಮೇಲೆ ಒಳಗೆ ನೀರು ಬಿಟ್ಟು ತೊಳೆದು, ಪೂರ್ತಿ ಒಣಗಿಸಿ, ಸುತ್ತಲೂ ಚಿಮ್ಮುವ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗದೊಳಗೆ ತುಕ್ಕು ತಡೆಯುವ ಮೇಣ) ಹೊಡೆದೆ. ವ್ಯಾಕ್ಸ್ ಗಟ್ಟಿಯಾದ ಮೇಲೆ ನೈಲಾನ್ ಪ್ಲಗ್. ಸೈಲೆನ್ಸರ್ ಪೈಪಿಗೆ ಹತ್ತಿರದ ತೂತುಗಳನ್ನು ಹಾಗೇ ಬಿಟ್ಟೆ, ಆ ಬಿಸಿಗೆ ಪ್ಲಗ್ ಉಳಿಯುವುದಿಲ್ಲ. ಒಂದು ಎಚ್ಚರಿಕೆ: ಮುಂದೆ ಯಾವಾಗಲಾದರೂ ಚಾಸಿಸ್‌ಗೆ ವೆಲ್ಡಿಂಗ್ ಮಾಡಿಸುವುದಿದ್ದರೆ ಒಳಗೆ ವ್ಯಾಕ್ಸ್ ಇದೆ ಅಂತ ಮೊದಲೇ ಹೇಳಿ, ಬೆಂಕಿ ಹಿಡಿಯಬಹುದು.

ಹೋದ ತಿಂಗಳು ಫೋನಿಗೆ ಸಿಕ್ಕಿಸುವ ವೈರ್ ಕ್ಯಾಮೆರಾ ಬಿಟ್ಟು ನೋಡಿದೆ. ಮುಂದಿನ ಚಕ್ರದ ಹಿಂದೆ ಒಳಗೋಡೆ ಜೇನುಬಣ್ಣದ ವ್ಯಾಕ್ಸ್‌ನಿಂದ ಮಿನುಗುತ್ತಿತ್ತು, ಕೆಸರು ಚಿಟಿಕೆಯಷ್ಟೂ ಇಲ್ಲ. ಹಿಂದೆ, ಆ ಕೆಂಪು ನೀರು ನಿಂತಿದ್ದ ತಗ್ಗಿನಲ್ಲಿ ಮಾತ್ರ ಅಂಗೈ ಅಗಲ ಕಂದು ಕಲೆ. ಹಳೆಯದು, ಹೋದ ವರ್ಷ ನೋಡಿದ್ದಕ್ಕಿಂತ ಹೆಚ್ಚಾಗಿಲ್ಲ.

ಕೊಳ್ಳಬಹುದಾ ಅಂತ ಕೇಳಿದರೆ, ಪ್ಲಗ್ ಕೊಳ್ಳಿ, ಕಿಟ್ ಬೇಡ. ನನಗೆ ಬಂದ ಕಿಟ್‌ನಲ್ಲಿ ಅರ್ಧ ಬೇಡದ ಅಳತೆಗಳೇ ಇದ್ದವು, ಇನ್ನೂ ಡಬ್ಬಿಯಲ್ಲಿ ಬಿದ್ದಿವೆ. ಅಳೆದು ಬಿಡಿಬಿಡಿಯಾಗಿ ತರಿಸಿದರೆ ವಸ್ತುವನ್ನೂ ನೀವೇ ಆರಿಸಬಹುದು. ಚಾಸಿಸ್ ಈಗಾಗಲೇ ಪದರ ಪದರವಾಗಿ ಏಳುತ್ತಿದ್ದರೆ ಇದೆಲ್ಲ ಹುಣ್ಣಿನ ಮೇಲೆ ಬಟ್ಟೆ ಹೊದಿಸಿದ ಹಾಗೆ, ಮೊದಲು ಅದನ್ನು ಮೆಕ್ಯಾನಿಕ್‌ಗೆ ತೋರಿಸಿ. ಮತ್ತೆ ಒಂದು ಸಲ ಹಾಕಿ ಮರೆಯುವ ವಸ್ತು ಇದಲ್ಲ. ನಾನು ಆಯಿಲ್ ಬದಲಿಸುವಾಗಲೆಲ್ಲ ತಳದ ತೂತುಗಳಿಗೆ ಒಂದು ತಂತಿ ಆಡಿಸುತ್ತೇನೆ, ಪ್ಲಗ್‌ಗಳನ್ನು ಎಣಿಸುತ್ತೇನೆ. ಹಾಕಿದ್ದು ಮೂವತ್ತೊಂದು. ಎಡ ಹಿಂಚಕ್ರದ ಪಕ್ಕದ್ದು ಮಾತ್ರ ಪ್ರತಿ ಸಲ ಕಾಣೆಯಾಗಿರುತ್ತದೆ, ಯಾಕೆ ಅಂತ ಇವತ್ತಿಗೂ ತಿಳಿದಿಲ್ಲ. ಅದೇ ಅಳತೆಯ ಐದಾರು ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಂಡಿದ್ದೇನೆ.