ಕಿಲೋಮೀಟರ್ ಸರಿ, ಗಂಟೆ ತಪ್ಪು: ವಾಯುಮಾರ್ಗದ ದೂರ ಹೇಳುವ ಆ್ಯಪ್ ಬಳಸಿದ ಅನುಭವ

ಎರಡು ಊರುಗಳ ಹೆಸರು ಕೊಟ್ಟರೆ ಅವುಗಳ ನಡುವಿನ ವಾಯುಮಾರ್ಗದ ದೂರವನ್ನೂ ಪ್ರಯಾಣದ ಅವಧಿಯನ್ನೂ ತಿಳಿಸುವ ಆ್ಯಪ್ ಒಂದನ್ನು ಎರಡು ತಿಂಗಳಿಂದ ಬಳಸುತ್ತಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಮಗಳ ಮನೆಗೆ ಹೊರಡುವ ಮುನ್ನ ಅದನ್ನು ಮೊಬೈಲಿಗೆ ಹಾಕಿಕೊಂಡಿದ್ದೆ. ದೂರದ ವಿಷಯದಲ್ಲಿ ಅದನ್ನು ನಂಬಬಹುದು. ಅವಧಿಯ ವಿಷಯದಲ್ಲಿ ನಂಬಿ ಟಿಕೆಟ್ ಕೊಳ್ಳಬಾರದು.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅದು ತೋರಿಸಿದ್ದು ಸುಮಾರು 14,000 ಕಿ.ಮೀ. ಈ ಲೆಕ್ಕ ಸರಿಯಾಗಿದೆ. ನಕ್ಷೆಯಲ್ಲಿ ಅದು ಎಳೆದ ಗೆರೆ ಪೆಸಿಫಿಕ್ ಸಾಗರವನ್ನು ನೇರವಾಗಿ ದಾಟದೆ ಟಿಬೆಟ್, ಮಂಗೋಲಿಯಾ, ಸೈಬೀರಿಯಾಗಳ ಮೇಲೆ ಉತ್ತರಕ್ಕೆ ಏರಿ, ಆರ್ಕ್ಟಿಕ್ ಅಂಚನ್ನು ಬಳಸಿ, ಅಲಾಸ್ಕಾದ ಮೂಲಕ ಕೆಳಗಿಳಿದದ್ದನ್ನು ಕಂಡು ನನ್ನ ಹೆಂಡತಿ ಆ್ಯಪ್ ಕೆಟ್ಟಿದೆಯೆಂದೇ ತೀರ್ಮಾನಿಸಿದ್ದಳು. ಮೊಮ್ಮಗನ ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ದಾರವನ್ನು ಬಿಗಿಯಾಗಿ ಹಿಡಿದು ತೋರಿಸಿದ ಮೇಲೆ ಒಪ್ಪಿದಳು. ದುಂಡಗಿನ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಅದೇ.

ಅವಧಿಯ ಕಥೆ ಬೇರೆ. ಆ್ಯಪ್ ಪ್ರಕಾರ ಈ ಪ್ರಯಾಣಕ್ಕೆ 16 ಗಂಟೆ. ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸುವುದಷ್ಟೇ ಅದರ ವಿಧಾನವೆಂದು ನಾಲ್ಕಾರು ಊರುಗಳನ್ನು ಕೊಟ್ಟು ನೋಡಿದಾಗ ತಿಳಿಯಿತು. ಆದರೆ ಏರ್ ಇಂಡಿಯಾ ಈ ನೇರ ಮಾರ್ಗವನ್ನು ಆರಂಭಿಸಿದಾಗ, 2021ರ ಜನವರಿ 9ರಂದು ರಾತ್ರಿ 8.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಡುವ ವಿಮಾನ ಜನವರಿ 11ರ ಬೆಳಗಿನ ಜಾವ 3.45ಕ್ಕೆ ಬೆಂಗಳೂರು ತಲುಪುವಂತೆ ವೇಳಾಪಟ್ಟಿ ಮಾಡಲಾಗಿತ್ತು. ಎರಡೂ ಊರುಗಳ ನಡುವಿನ ಹದಿಮೂರೂವರೆ ಗಂಟೆಯ ಅಂತರವನ್ನು ಕಳೆದರೆ ಉಳಿಯುವುದು ಹದಿನೇಳೂಮುಕ್ಕಾಲು ಗಂಟೆ. ವಿಮಾನ ದಾರದ ಮೇಲೆ ಹಾರುವುದಿಲ್ಲ. ತುರ್ತಾಗಿ ಕೆಳಗಿಳಿಯಲು ಜಾಗವಿಲ್ಲದ ಟಿಬೆಟ್ ಪ್ರಸ್ಥಭೂಮಿಯನ್ನು ಆದಷ್ಟು ಬಿಟ್ಟು ಹೋಗುತ್ತದೆ, ಮುಚ್ಚಿದ ವಾಯುಪ್ರದೇಶಗಳನ್ನು ಸುತ್ತಿಕೊಂಡು ಹೋಗುತ್ತದೆ.

ಗಾಳಿಯ ಲೆಕ್ಕವಂತೂ ಆ್ಯಪ್‌ಗೆ ಗೊತ್ತೇ ಇಲ್ಲ. ನ್ಯೂಯಾರ್ಕ್–ಲಂಡನ್ ನಡುವಿನ 5,540 ಕಿ.ಮೀ.ಗೆ ಹೋಗುವಾಗಲೂ ಬರುವಾಗಲೂ ಒಂದೇ ಅವಧಿ ತೋರಿಸುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಲಂಡನ್ನಿಗೆ ಹೋಗುವ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ, ಮರಳುವ ವಿಮಾನಕ್ಕೆ ಎದುರಾಗುತ್ತದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆಂಬಲದಿಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು 4 ಗಂಟೆ 56 ನಿಮಿಷದಲ್ಲಿ ಲಂಡನ್ ಮುಟ್ಟಿತ್ತು.

ನನಗೆ ನಿಜವಾಗಿ ತೊಂದರೆಯಾದದ್ದು ಗಡಿಯಾರದಿಂದ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಆಗ ನಮ್ಮ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಆ್ಯಪ್ ವರ್ಷವಿಡೀ ಹದಿಮೂರೂವರೆಯನ್ನೇ ಹಿಡಿದುಕೊಂಡಿದೆ. ಅದನ್ನು ನೋಡಿ ಮಗಳಿಗೆ ತಪ್ಪು ಸಮಯ ತಿಳಿಸಿದ್ದರಿಂದ ಅವಳು ಒಂದು ಗಂಟೆ ಮೊದಲೇ ವಿಮಾನ ನಿಲ್ದಾಣಕ್ಕೆ ಬಂದು ನಮಗಾಗಿ ಕಾದು ಕುಳಿತಳು. ಜಯನಗರದಿಂದ ದೇವನಹಳ್ಳಿಗೆ ವಾಯುವಜ್ರ ಬಸ್ಸಿನಲ್ಲಿ ಕಳೆದ ಸಮಯ ಅದರ ಲೆಕ್ಕದಲ್ಲಿಲ್ಲ, ಆ ದೋಷವನ್ನು ಅದರ ಮೇಲೆ ಹೊರಿಸಲಾರೆ.

ಹಣ ಕೊಟ್ಟು ಪಡೆಯುವ ಆವೃತ್ತಿಯನ್ನೂ ಒಂದು ತಿಂಗಳು ನೋಡಿದೆ. ಜಾಹೀರಾತುಗಳು ಹೋದವು, 16 ಗಂಟೆ ಹಾಗೆಯೇ ಉಳಿಯಿತು. ದೂರ ತಿಳಿಯಲು ಉಚಿತ ಆವೃತ್ತಿಯೇ ಸಾಕು. ಅವಧಿಯನ್ನು ವಿಮಾನ ಸಂಸ್ಥೆಯ ವೇಳಾಪಟ್ಟಿಯಲ್ಲೇ ನೋಡಿಕೊಳ್ಳಿ.