ಜಾವಾ.ಟೈಮ್: ದಿನಾಂಕಗಳ ಲೆಕ್ಕಕ್ಕೆ ನೆಚ್ಚಿಕೊಳ್ಳಬಹುದಾದ ಲೈಬ್ರರಿ

ಸಾಲದ ಕಂತು ಎಷ್ಟು ದಿನ ತಡವಾಗಿದೆ, ಅರ್ಜಿದಾರರಿಗೆ ಹದಿನೆಂಟು ವರ್ಷ ತುಂಬಿದೆಯೇ, ಸರ್ವರ್ ಎಷ್ಟು ಹೊತ್ತು ಸ್ಥಗಿತಗೊಂಡಿತ್ತು ಎಂಬ ಮೂರು ಪ್ರಶ್ನೆಗಳೂ ಮೇಲ್ನೋಟಕ್ಕೆ ಒಂದು ದಿನಾಂಕದಿಂದ ಇನ್ನೊಂದನ್ನು ಕಳೆಯುವ ಲೆಕ್ಕಗಳಂತೆಯೇ ಕಾಣುತ್ತವೆ. ಆದರೆ ಮೊದಲನೆಯದಕ್ಕೆ ಬೇಕಾದದ್ದು ಕ್ಯಾಲೆಂಡರಿನ ದಿನಗಳು, ಎರಡನೆಯದಕ್ಕೆ ತುಂಬಿದ ವರ್ಷಗಳು, ಮೂರನೆಯದಕ್ಕೆ ಗಡಿಯಾರದಲ್ಲಿ ಕಳೆದ ಸೆಕೆಂಡುಗಳು. ಜಾವಾ ಪ್ರೋಗ್ರಾಮಿಂಗ್ ಭಾಷೆಯ 8ನೇ ಆವೃತ್ತಿಯೊಂದಿಗೆ 2014ರ ಮಾರ್ಚ್‌ನಲ್ಲಿ ಬಂದ ಜಾವಾ.ಟೈಮ್ ಲೈಬ್ರರಿಯು ಇವನ್ನು ಬೆರೆಸದೆ, ಒಂದೊಂದಕ್ಕೂ ಬೇರೆ ಬೇರೆ ಸಾಧನ ಒದಗಿಸುತ್ತದೆ. ಅದರ ಅತಿ ದೊಡ್ಡ ಗುಣ ಇದೇ ಎಂಬುದು ನನ್ನ ಅಭಿಪ್ರಾಯ.

ಹಿಂದಿನ ವ್ಯವಸ್ಥೆಯನ್ನು ಬಳಸಿದವರಿಗೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಜಾವಾದ ಮೊದಲ ಆವೃತ್ತಿಯಿಂದಲೂ ಇದ್ದ ಡೇಟ್ ಕ್ಲಾಸ್‌ನಲ್ಲಿ ತಿಂಗಳುಗಳ ಎಣಿಕೆ ಸೊನ್ನೆಯಿಂದಲೂ ವರ್ಷಗಳ ಎಣಿಕೆ 1900ರಿಂದಲೂ ಆರಂಭವಾಗುತ್ತಿತ್ತು. ದಿನಗಳ ಅಂತರ ಬೇಕಾದಾಗ ಎರಡೂ ಮೌಲ್ಯಗಳನ್ನು ಮಿಲಿಸೆಕೆಂಡುಗಳಾಗಿ ಪಡೆದು, ಕಳೆದು, ಒಂದು ದಿನದ ಮಿಲಿಸೆಕೆಂಡುಗಳಿಂದ ಭಾಗಿಸುವುದು ರೂಢಿಯಾಗಿತ್ತು. ಇಪ್ಪತ್ತೈದು ದಿನಗಳ ಮಿಲಿಸೆಕೆಂಡುಗಳು 216 ಕೋಟಿಯಾಗುತ್ತವೆ. ಪೂರ್ಣಾಂಕಗಳನ್ನು ಇಡುವ ಇಂಟ್ ಟೈಪ್‌ನಲ್ಲಿ ಹಿಡಿಯುವುದು ಸುಮಾರು 214 ಕೋಟಿ ಮಾತ್ರ. ಹೀಗಾಗಿ ಇಂಟ್ ಬಳಸಿ ಬರೆದ, ಚಿಕ್ಕ ಅವಧಿಗಳಲ್ಲಿ ಸರಿಯಾಗಿ ನಡೆಯುತ್ತಿದ್ದ ಕೋಡ್, ಒಂದು ತಿಂಗಳ ಗಡುವನ್ನು ಲೆಕ್ಕ ಹಾಕುವಾಗ ಯಾವ ಎಚ್ಚರಿಕೆಯನ್ನೂ ಕೊಡದೆ ಋಣಸಂಖ್ಯೆಯನ್ನು ಕೊಡುತ್ತಿತ್ತು. ಈ ಕೊರತೆಗಳನ್ನು ನೀಗಲು ಜೋಡಾ-ಟೈಮ್ ಎಂಬ ಮುಕ್ತ ಲೈಬ್ರರಿಯನ್ನು ರೂಪಿಸಿದ ಸ್ಟೀಫನ್ ಕೋಲ್‌ಬೋರ್ನ್ ಅವರೇ ಜಾವಾ.ಟೈಮ್ ವಿನ್ಯಾಸದ ಮುಂದಾಳತ್ವವನ್ನೂ ವಹಿಸಿದ್ದರು.

ಟೈಮ್ ಝೋನ್‌ಗಳ ವಿಷಯದಲ್ಲಿ ಈ ಲೈಬ್ರರಿಯ ಶಕ್ತಿ ಸ್ಪಷ್ಟವಾಗಿ ಕಾಣುತ್ತದೆ. ನ್ಯೂಯಾರ್ಕ್‌ನಲ್ಲಿ 2024ರ ಮಾರ್ಚ್ 10ರ ಬೆಳಗಿನ ಜಾವ ಎರಡು ಗಂಟೆಗೆ ಗಡಿಯಾರಗಳನ್ನು ಮೂರು ಗಂಟೆಗೆ ಮುಂದೂಡಲಾಯಿತು; ಆ ದಿನದಲ್ಲಿ ಇದ್ದದ್ದು ಇಪ್ಪತ್ಮೂರೇ ಗಂಟೆ. ಆ ದಿನದ ಮಧ್ಯರಾತ್ರಿಯಿಂದ ಮರುದಿನದ ಮಧ್ಯರಾತ್ರಿಯವರೆಗಿನ ಅಂತರವನ್ನು ಹಳೆಯ ಭಾಗಾಕಾರದಿಂದ ತೆಗೆದರೆ ಸೊನ್ನೆ ದಿನ ಎಂಬ ಉತ್ತರ ಬರುತ್ತದೆ. ದಿನಾಂಕ, ಸಮಯಗಳ ಜೊತೆಗೆ ಟೈಮ್ ಝೋನನ್ನೂ ಹಿಡಿದಿಡುವ ಝೋನ್ಡ್‌ಡೇಟ್‌ಟೈಮ್ ಬಳಸಿ, ಕ್ಯಾಲೆಂಡರಿನ ದಿನಗಳನ್ನು ಎಣಿಸುವ ಕ್ರೋನೋಯೂನಿಟ್‌ನ ಡೇಸ್‌ಗೆ ಕೇಳಿದರೆ ಒಂದು ದಿನವೆಂದೂ ಕಳೆದ ಸಮಯವನ್ನು ಅಳೆಯುವ ಡ್ಯುರೇಶನ್‌ಗೆ ಕೇಳಿದರೆ ಇಪ್ಪತ್ಮೂರು ಗಂಟೆಯೆಂದೂ ಉತ್ತರ ಸಿಗುತ್ತದೆ, ಮತ್ತು ಎರಡೂ ಸರಿ. ಭಾರತದಲ್ಲಿ ಈಗ ಋತುವಿಗೆ ತಕ್ಕಂತೆ ಗಡಿಯಾರವನ್ನು ಹಿಂದೆ-ಮುಂದೆ ಮಾಡುವ ಪದ್ಧತಿ ಇಲ್ಲದಿರುವುದರಿಂದ ಬೆಂಗಳೂರಿನಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಇಂಥ ದೋಷ ಹೊರಬೀಳುವುದೇ ಇಲ್ಲ. ಆದರೆ ಬೆಂಗಳೂರಿಗೂ ನ್ಯೂಯಾರ್ಕ್‌ಗೂ ನಡುವಿನ ವ್ಯತ್ಯಾಸ ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಎಂಬುದನ್ನು ಅಮೆರಿಕದ ಗ್ರಾಹಕರಿಗಾಗಿ ದುಡಿಯುವ ನಮ್ಮ ತಂಡಗಳು ಕೋಡ್‌ನಲ್ಲಿ ಸ್ಥಿರಸಂಖ್ಯೆಯಾಗಿ ಬರೆದಿಡಬಾರದು.

ಇಷ್ಟು ಹೊಗಳಿದ ಮೇಲೆ ಆಕ್ಷೇಪಗಳನ್ನೂ ಹೇಳಬೇಕು. 2004ರ ಫೆಬ್ರವರಿ 29ರಂದು ಹುಟ್ಟಿದವರಿಗೆ ಹದಿನೆಂಟು ತುಂಬುವುದು ಯಾವಾಗ? ಹುಟ್ಟಿದ ದಿನಾಂಕಕ್ಕೆ ಪ್ಲಸ್‌ಇಯರ್ಸ್ ಮೂಲಕ ಹದಿನೆಂಟು ವರ್ಷ ಕೂಡಿಸಿದರೆ 2022ರ ಫೆಬ್ರವರಿ 28 ಬರುತ್ತದೆ. ಅದೇ ಫೆಬ್ರವರಿ 28ರಂದು ಅಂತರವನ್ನು ವರ್ಷ, ತಿಂಗಳು, ದಿನಗಳಲ್ಲಿ ಹೇಳುವ ಪೀರಿಯಡ್ ಮೂಲಕ ವಯಸ್ಸು ಕೇಳಿದರೆ ಹದಿನೇಳು ವರ್ಷ, ಹನ್ನೊಂದು ತಿಂಗಳು, ಮೂವತ್ತು ದಿನ ಎನ್ನುತ್ತದೆ. ಒಂದೇ ಲೈಬ್ರರಿಯ ಎರಡು ದಾರಿಗಳು ಎರಡು ತೀರ್ಪು ಕೊಡುತ್ತವೆ. ಎರಡೂ ನಿಯಮಗಳಿಗೆ ದಾಖಲೆಯಲ್ಲಿ ವಿವರಣೆ ಇದೆ, ಆದ್ದರಿಂದ ಇದನ್ನು ದೋಷ ಎನ್ನಲಾಗದು. ಆದರೂ ವಯಸ್ಸಿನ ಅರ್ಹತೆಯನ್ನು ನಿರ್ಧರಿಸುವ ತಂತ್ರಾಂಶ ಬರೆಯುವವರು ಯಾವ ದಾರಿ ತಮ್ಮ ಕಾನೂನಿಗೆ ಹೊಂದುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲೇಬೇಕು.

ಹೊಸಬರನ್ನು ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು, ಬರಿಯ ದಿನಾಂಕವನ್ನು ಹಿಡಿದಿಡುವ ಲೋಕಲ್‌ಡೇಟ್‌ನಲ್ಲಿ ಎರಡು ದಿನಾಂಕಗಳನ್ನು ಹೋಲಿಸುವ ಕಂಪೇರ್‌ಟು. ಮಾರ್ಚ್ 10ನ್ನು ಅದೇ ವರ್ಷದ ಮಾರ್ಚ್ 1ಕ್ಕೆ ಹೋಲಿಸಿದರೆ ಅದು 9 ಎಂದು ಕೊಡುವುದರಿಂದ ದಿನಗಳ ಅಂತರವೇ ಸಿಕ್ಕಿತೆಂಬ ಭ್ರಮೆ ಹುಟ್ಟುತ್ತದೆ. ಮೇ 1ನ್ನು ಮಾರ್ಚ್ 31ಕ್ಕೆ ಹೋಲಿಸಿದಾಗ ಬರುವುದು 2, ನಿಜವಾದ ಅಂತರ ಮೂವತ್ತೊಂದು ದಿನ. ಆ ಸಂಖ್ಯೆಯ ಧನ-ಋಣ ಚಿಹ್ನೆಯನ್ನಷ್ಟೇ ನಂಬಬೇಕು. ಹಿಂದೆ-ಮುಂದೆ ತಿಳಿಯಲು ಈಸ್‌ಬಿಫೋರ್, ಈಸ್‌ಆಫ್ಟರ್ ಇರುವಾಗ ಕಂಪೇರ್‌ಟು ಬಳಸದಿರುವುದೇ ಮೇಲು. ಝೋನ್ಡ್‌ಡೇಟ್‌ಟೈಮ್‌ನಲ್ಲಿ ಎರಡು ಮೌಲ್ಯಗಳು ಸಮವೇ ಎಂದು ನೋಡುವ ಈಕ್ವಲ್ಸ್ ಕೂಡ ಇಂಥದೇ: ಕೋಲ್ಕತ್ತ ಝೋನ್‌ನ (ಭಾರತದ ಸಮಯ) ಆಗಸ್ಟ್ 15ರ ಮಧ್ಯರಾತ್ರಿಯೂ ಯುಟಿಸಿಯ (ಜಾಗತಿಕ ಪ್ರಮಾಣ ಸಮಯ) ಆಗಸ್ಟ್ 14ರ ಸಂಜೆ ಆರೂವರೆಯೂ ಒಂದೇ ಕ್ಷಣವಾದರೂ, ಝೋನ್ ಬೇರೆಯಾದ ಕಾರಣ ಅದು ಸಮವಲ್ಲ ಎನ್ನುತ್ತದೆ. ಅಲ್ಲಿ ಬೇಕಾದದ್ದು ಈಸ್‌ಈಕ್ವಲ್.

ರಜೆಯ ಅರ್ಜಿಗಳಂಥ ತಂತ್ರಾಂಶ ಬರೆಯುವವರಿಗೆ ಇನ್ನೊಂದು ಮಾತು: ಡೇಸ್ ಎಣಿಕೆಯಲ್ಲಿ ಕೊನೆಯ ದಿನ ಸೇರುವುದಿಲ್ಲ, 5ರಿಂದ 9ರವರೆಗಿನ ರಜೆಗೆ ನಾಲ್ಕು ಎಂಬ ಉತ್ತರ ಬರುತ್ತದೆ, ಒಂದನ್ನು ನಾವೇ ಕೂಡಿಸಬೇಕು.

ಜಾವಾ.ಟೈಮ್‌ಗೆ ಪ್ರತ್ಯೇಕ ಖರ್ಚಿಲ್ಲ, ಪ್ರತ್ಯೇಕ ಡೌನ್‌ಲೋಡ್ ಕೂಡ ಇಲ್ಲ. ಆದರೆ ದೇಶಗಳು ತಮ್ಮ ಸಮಯದ ನಿಯಮ ಬದಲಿಸಿದಾಗ ಆ ಮಾಹಿತಿ ಜೆಡಿಕೆಯ (ಜಾವಾ ತಂತ್ರಾಂಶ ತಯಾರಿಸುವ ಮೂಲ ಸಾಧನಗಳ ಕಟ್ಟು) ಅಪ್‌ಡೇಟ್‌ಗಳ ಮೂಲಕ ಬರುವುದರಿಂದ, ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಸರ್ವರ್‌ನಲ್ಲಿ ಸರಿಯಾದ ಕೋಡ್ ಕೂಡ ತಪ್ಪು ಗಂಟೆ ತೋರಿಸಬಹುದು. ಹೊಸ ಕೆಲಸಕ್ಕೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಜೋಡಾ-ಟೈಮ್ ಯೋಜನೆಯೇ ತನ್ನ ಬಳಕೆದಾರರಿಗೆ ಜಾವಾ.ಟೈಮ್‌ಗೆ ಬದಲಾಗುವಂತೆ ಹೇಳುತ್ತದೆ.