ತನ್ನ ಹಳೆಯ ನಿಲುವನ್ನೇ ಮರೆಯುವ ಮನಸ್ಸು: ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ಅಭಿಪ್ರಾಯಗಳು ಹೇಗೆ ಹುಟ್ಟುತ್ತವೆ, ಹೇಗೆ ಬದಲಾಗುತ್ತವೆ ಎಂಬುದನ್ನು ಕುರಿತ ಎಂಟು ವಾರಗಳ ಆನ್‌ಲೈನ್ ಕೋರ್ಸೊಂದನ್ನು ಈಚೆಗೆ ಮುಗಿಸಿದೆ. ಮೊದಲ ಪಾಠಕ್ಕೂ ಮುನ್ನ ಇಪ್ಪತ್ತು ಹೇಳಿಕೆಗಳನ್ನು ಕೊಟ್ಟು, ಪ್ರತಿಯೊಂದನ್ನೂ ಎಷ್ಟು ಒಪ್ಪುತ್ತೇವೆಂದು 1ರಿಂದ 7ರವರೆಗೆ ಅಂಕ ಹಾಕಿಸಿ, ಆ ಉತ್ತರಗಳು ಮತ್ತೆ ನಮ್ಮ ಕಣ್ಣಿಗೆ ಬೀಳದಂತೆ ತೆಗೆದಿಡುತ್ತಾರೆ. ಕೊನೆಯ ವಾರ ಅದೇ ಪಟ್ಟಿಯನ್ನು ಮತ್ತೆ ತುಂಬಿಸಿ, ಆರಂಭದಲ್ಲಿ ಎಷ್ಟು ಅಂಕ ಕೊಟ್ಟಿದ್ದಿರೆಂದು ನೆನಪಿಸಿಕೊಳ್ಳಲು ಹೇಳುತ್ತಾರೆ. 'ಚಿಕ್ಕ ಮಕ್ಕಳಿಗೆ ಹೋಂವರ್ಕ್ ಬೇಕೇಬೇಕು' ಎಂಬ ಹೇಳಿಕೆಗೆ ನಾನು ಈಗ ಕೊಟ್ಟದ್ದು 3. ಮೊದಲೂ 4ಕ್ಕಿಂತ ಹೆಚ್ಚು ಕೊಟ್ಟಿರಲಾರೆ ಎಂದು ನಂಬಿದ್ದೆ. ತೆರೆದು ನೋಡಿದರೆ 6 ಇತ್ತು.

ಇದು ನನ್ನೊಬ್ಬನ ಮರೆವಲ್ಲ. 1973ರಲ್ಲಿ ಜಾರ್ಜ್ ಗೊಥಾಲ್ಸ್ ಮತ್ತು ರಿಚರ್ಡ್ ರೆಕ್‌ಮನ್ ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಮೊದಲೇ ಬರೆಸಿಕೊಂಡು, ಗುಂಪುಚರ್ಚೆಯ ಮೂಲಕ ಅದನ್ನು ಬದಲಿಸಿ, ಹಿಂದೆ ಏನು ಬರೆದಿದ್ದಿರೆಂದು ಕೇಳಿದಾಗ, ಅವರು ತಮ್ಮ ಹಳೆಯ ನಿಲುವನ್ನು ಹೊಸ ನಿಲುವಿಗೆ ಹೊಂದಿಸಿಕೊಂಡೇ ನೆನಪಿಸಿಕೊಂಡಿದ್ದರು. 'ನಾನು ಮೊದಲಿನಿಂದಲೂ ಹೀಗೇ ಯೋಚಿಸುತ್ತಿದ್ದೆ' ಎಂಬ ಮಾತು ಸುಳ್ಳಾಡುವ ಉದ್ದೇಶವಿಲ್ಲದೆಯೂ ಸುಳ್ಳಾಗಬಹುದು ಎಂಬುದನ್ನು ಮೊದಲು ನಮ್ಮ ಮೇಲೆಯೇ ಪ್ರಯೋಗಿಸಿ, ಆಮೇಲೆ ಸಂಶೋಧನೆಯನ್ನು ವಿವರಿಸುವ ಈ ಕ್ರಮವೇ ಕೋರ್ಸಿನ ದೊಡ್ಡ ಶಕ್ತಿ.

ಮೊದಲ ವಾರಗಳ ಪಾಠಗಳೂ ಗಟ್ಟಿಯಾಗಿವೆ. 1950ರ ದಶಕದಲ್ಲಿ ಮನೋವಿಜ್ಞಾನಿ ಸೊಲೊಮನ್ ಆಶ್, ಗೆರೆಗಳ ಉದ್ದವನ್ನು ಹೋಲಿಸಲು ಹೇಳಿ, ಗುಂಪಿನ ಉಳಿದವರಿಂದ ಬೇಕೆಂದೇ ತಪ್ಪುತ್ತರ ಹೇಳಿಸಿ ನಡೆಸಿದ ಪ್ರಯೋಗವನ್ನು ಹೇಳುವಾಗ ಜನ ಗುಂಪಿಗೆ ಮಣಿದರೆಂಬಲ್ಲಿಗೆ ಬಹಳ ಮಂದಿ ನಿಲ್ಲಿಸಿಬಿಡುತ್ತಾರೆ. ಗುಂಪಿನಲ್ಲಿ ಒಬ್ಬನಾದರೂ ಸರಿಯುತ್ತರ ಹೇಳಿದಾಗ ಆ ಮಣಿಯುವಿಕೆ ತೀರಾ ಕುಗ್ಗಿತೆಂಬ ಮುಖ್ಯ ಅಂಶಕ್ಕೆ ಇಲ್ಲಿ ಇಡೀ ಪಾಠವನ್ನೇ ಮೀಸಲಿಟ್ಟಿದ್ದಾರೆ. ಮರಣದಂಡನೆಯ ಪರ ಮತ್ತು ವಿರೋಧ ಇದ್ದವರಿಬ್ಬರಿಗೂ ಒಂದೇ ಬಗೆಯ ಮಿಶ್ರ ಪುರಾವೆಗಳನ್ನು ಓದಿಸಿದಾಗ ಇಬ್ಬರೂ ತಮ್ಮ ನಿಲುವು ಇನ್ನಷ್ಟು ಗಟ್ಟಿಯಾಯಿತೆಂದು ಹೇಳಿದ 1979ರ ಅಧ್ಯಯನದ ನಿರೂಪಣೆಯೂ ಚೊಕ್ಕವಾಗಿದೆ. ಪದೇಪದೇ ಕಂಡದ್ದು ಹಿಡಿಸತೊಡಗುತ್ತದೆ ಎಂಬ ಭಾಗ ಮಾತ್ರ ಅವಸರದ್ದು.

ಐದನೆಯ ವಾರದ ಬಗ್ಗೆ ನನಗೆ ನಿಜವಾದ ತಕರಾರಿದೆ. ತಪ್ಪು ನಂಬಿಕೆಯನ್ನು ಪುರಾವೆಯಿಂದ ತಿದ್ದಲು ಹೋದರೆ ಅದು ಇನ್ನೂ ಬಲಗೊಳ್ಳುತ್ತದೆ ಎಂಬ 'ತಿರುಗುಬಾಣ'ದ ವಾದವನ್ನು, 2010ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಆಧರಿಸಿ, ಇತ್ಯರ್ಥವಾದ ಸಂಗತಿಯೆಂಬಂತೆ ಕಲಿಸುತ್ತಾರೆ. ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು 52 ವಿಷಯಗಳಲ್ಲಿ ಪರೀಕ್ಷಿಸಿ, ಅಂಥ ತಿರುಗುಬಾಣ ಕಾಣಲಿಲ್ಲವೆಂದು, ಜನ ಒಟ್ಟಾರೆ ಸತ್ಯಾಂಶದ ಕಡೆಗೇ ವಾಲಿದರೆಂದು 2019ರಲ್ಲಿ ಪ್ರಕಟಿಸಿದ್ದು ಪಾಠದಲ್ಲಿ ಎಲ್ಲಿಯೂ ಇಲ್ಲ. ಈ ಲೋಪವನ್ನು ನಾನು ಹಗುರವಾಗಿ ಕಾಣಲಾರೆ. ಏಕೆಂದರೆ ಸತ್ಯ ಹೇಳಿ ಪ್ರಯೋಜನವಿಲ್ಲವೆಂದು ಒಮ್ಮೆ ನಂಬಿದ ಕಲಿಯುವವರು ಹೇಳುವುದನ್ನೇ ಬಿಟ್ಟುಬಿಡಬಹುದು. ಸಂಘಟಕರಿಗೆ ಬರೆದೆ, ಪಾಠವನ್ನು ಹಿಂದೆಯೇ ಚಿತ್ರೀಕರಿಸಲಾಗಿದೆ ಎಂಬ ಉತ್ತರ ಬಂತೇ ಹೊರತು ತಿದ್ದುಪಡಿ ಬರಲಿಲ್ಲ.

ಏಳನೆಯ ವಾರ ಭಿನ್ನಾಭಿಪ್ರಾಯವುಳ್ಳ ಸಹಪಾಠಿಯೊಡನೆ ಇಪ್ಪತ್ತು ನಿಮಿಷ ಮಾತನಾಡಬೇಕು. ವಾದ ಹೂಡುವಂತಿಲ್ಲ, ಆ ನಿಲುವಿಗೆ ಹೇಗೆ ಬಂದಿರೆಂದು ಕೇಳಬೇಕು, ತನ್ನ ಅನುಭವವನ್ನೂ ಹೇಳಬೇಕು. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಾಲಾ 2016ರಲ್ಲಿ ಪ್ರಕಟಿಸಿದ ಮಯಾಮಿಯ ಪ್ರಯೋಗದಲ್ಲಿ, ಮನೆಬಾಗಿಲಲ್ಲಿ ನಡೆದ ಸುಮಾರು ಹತ್ತು ನಿಮಿಷಗಳ ಇಂಥ ಮಾತುಕತೆ ತೃತೀಯಲಿಂಗಿಗಳ ಬಗೆಗಿನ ಪೂರ್ವಗ್ರಹವನ್ನು ತಗ್ಗಿಸಿ, ಆ ಪರಿಣಾಮ ಮೂರು ತಿಂಗಳಾದರೂ ಉಳಿದಿತ್ತು. ನನ್ನ ಹೋಂವರ್ಕ್ ಅಂಕ ಇಳಿದದ್ದು ಬಹುಶಃ ಈ ಮಾತುಕತೆಯಲ್ಲೇ: ರಾತ್ರಿ ಹತ್ತರವರೆಗೆ ಅಳುತ್ತ ಬರೆಯುವ ಮಗಳ ಬಗ್ಗೆ ಸಹಪಾಠಿ ಹೇಳುತ್ತಿದ್ದಾಗ ನನ್ನ ಬಳಿ ಪ್ರಶ್ನೆಗಳಿದ್ದವು, ಪ್ರತಿವಾದವಿರಲಿಲ್ಲ. ಇಂಥ ಅಭ್ಯಾಸ ಒಂದೇ ಒಂದು ಬಾರಿ ಸಿಗುವುದು ಸಾಲದು.

ಐದನೆಯ ವಾರವನ್ನು ಎಚ್ಚರದಿಂದ ನೋಡುವುದಾದರೆ ಈ ಕೋರ್ಸನ್ನು ಯಾರಿಗಾದರೂ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಪಟ್ಟಿಯನ್ನು ಇಳಿಸಿಕೊಳ್ಳುವ ಅವಕಾಶವಿದೆ. ನಾನು ಅದನ್ನು ಹೊಸದಾಗಿ ತುಂಬಿ, ಲಕೋಟೆಗೆ ಅಂಟು ಹಾಕಿ, ಒಂದು ವರ್ಷದ ನಂತರದ ದಿನಾಂಕ ಬರೆದಿಟ್ಟಿದ್ದೇನೆ.